ಇದ್ದಕ್ಕಿದ್ದಂತೆ ಉಸಿರಾಟದ ತೊಂದರೆ: ಮನೆಯಿಂದ ಎಮರ್ಜೆನ್ಸಿವರೆಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಎಮರ್ಜೆನ್ಸಿ ವಿಭಾಗದ ಬಾಗಿಲಲ್ಲಿ ನಿಂತು ರೋಗಿಯ ಕಡೆಯವರು ನಮ್ಮನ್ನು ಕೇಳುವ ಪ್ರಶ್ನೆಗಳನ್ನು ಇಲ್ಲಿ ಸೇರಿಸಿದ್ದೇನೆ. ಉಸಿರು ಸಿಗದೆ ಒದ್ದಾಡುವವರಿಗೆ ಕಾಯಿಲೆಯ ಹೆಸರು ಗೊತ್ತಾಗುವ ಮೊದಲೇ ಚಿಕಿತ್ಸೆ ಶುರುವಾಗಬೇಕು. ಆಸ್ಪತ್ರೆಯಲ್ಲಿ ನಾವು ಮಾಡುವುದೂ ಅದನ್ನೇ, ಮನೆಯಲ್ಲಿ ನೀವು ಮಾಡಬೇಕಾದ್ದೂ ಅದನ್ನೇ. ಇದು ಬಿಡುವಿದ್ದಾಗ ಓದಿಟ್ಟುಕೊಳ್ಳುವ ಮಾಹಿತಿ. ಈಗಲೇ ನಿಮ್ಮ ಪಕ್ಕದಲ್ಲಿ ಯಾರಾದರೂ ಒದ್ದಾಡುತ್ತಿದ್ದರೆ ಓದುವುದನ್ನು ಬಿಟ್ಟು 108ಕ್ಕೆ ಫೋನ್ ಮಾಡಿ.

ಯಾವ ಲಕ್ಷಣ ಕಂಡರೆ ಕಾಯದೆ ಹೊರಡಬೇಕು?

ಮೊದಲು ಮಾತಾಡಿಸಿ ನೋಡಿ. "ಯಾವಾಗಿಂದ ಹೀಗಾಗ್ತಿದೆ?" ಅಂತ ಕೇಳಿ. ಒಂದೇ ಉಸಿರಿನಲ್ಲಿ ಪೂರ್ತಿ ವಾಕ್ಯ ಹೇಳಿದರೆ ಸ್ವಲ್ಪ ಸಮಯ ಇದೆ. ಎರಡು ಮೂರು ಪದಕ್ಕೊಮ್ಮೆ ನಿಲ್ಲಿಸಿ ಉಸಿರೆಳೆದುಕೊಂಡರೆ ತೊಂದರೆ ಜೋರಾಗಿದೆ ಅಂತ ಅರ್ಥ. ಈ ಪರೀಕ್ಷೆಗೆ ಯಾವ ಯಂತ್ರವೂ ಬೇಡ. ನಾವೂ ರೋಗಿ ಒಳಗೆ ಬಂದ ಕೂಡಲೇ ಇದನ್ನೇ ಮಾಡುತ್ತೇವೆ.

ಆಮೇಲೆ ಕತ್ತು, ಎದೆ ನೋಡಿ. ಪ್ರತಿ ಉಸಿರಿಗೂ ಕತ್ತಿನ ನರ, ಸ್ನಾಯು ಎದ್ದು ಕಾಣುತ್ತಿವೆಯಾ? ಕಾಲರ್ ಮೂಳೆಯ ಮೇಲೆ, ಪಕ್ಕೆಲುಬುಗಳ ಮಧ್ಯೆ ಚರ್ಮ ಒಳಕ್ಕೆ ಹೋಗುತ್ತಿದೆಯಾ? ತಣ್ಣಗಿನ ಬೆವರು, ಎದೆನೋವು, ತಲೆಸುತ್ತಿ ಬೀಳುವುದು, ತುಟಿ ನೀಲಿಯಾಗುವುದು, ಇವೆಲ್ಲ ಅಪಾಯದ ಲಕ್ಷಣಗಳು. ನಮ್ಮ ಮೈಬಣ್ಣದಲ್ಲಿ ನೀಲಿ ಬೇಗ ಗೊತ್ತಾಗುವುದಿಲ್ಲ. ನಾಲಿಗೆ ಮತ್ತು ತುಟಿಯ ಒಳಭಾಗ ನೋಡಿದರೆ ತಿಳಿಯುತ್ತದೆ.

ಇನ್ನೊಂದು ವಿಷಯ ತುಂಬಾ ಜನರಿಗೆ ಗೊತ್ತಿಲ್ಲ. ಅಷ್ಟು ಹೊತ್ತು ಒದ್ದಾಡಿದವರು ಇದ್ದಕ್ಕಿದ್ದಂತೆ ಸುಮ್ಮನಾಗಿ, ತೂಕಡಿಸಲು ಶುರು ಮಾಡಿದರೆ "ಪಾಪ, ಈಗ ನಿದ್ದೆ ಹತ್ತಿತು" ಅಂತ ಸಮಾಧಾನ ಪಡಬೇಡಿ. ಉಸಿರಾಡುವ ಸ್ನಾಯುಗಳು ಸೋತಿವೆ, ಮೆದುಳಿಗೆ ಆಕ್ಸಿಜನ್ ಸಾಲುತ್ತಿಲ್ಲ ಅಥವಾ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಏರಿದೆ. ಅಲ್ಲಿಂದ ಮುಂದೆ ಉಳಿದಿರುವುದು ಕೆಲವೇ ನಿಮಿಷ.

ಉಸಿರನ್ನು ಎಣಿಸುವುದು ಹೇಗೆ?

ಹೊಟ್ಟೆ ಅಥವಾ ಎದೆ ಒಮ್ಮೆ ಏರಿ ಇಳಿದರೆ ಒಂದು. ಪೂರ್ತಿ 1 ನಿಮಿಷ ಎಣಿಸಿ. ಎಣಿಸುತ್ತಿದ್ದೀನಿ ಅಂತ ಅವರಿಗೆ ಹೇಳಬೇಡಿ, ಹೇಳಿದರೆ ಉಸಿರಾಟದ ವೇಗವೇ ಬದಲಾಗುತ್ತದೆ. ನಾಡಿ ನೋಡುವವರ ಹಾಗೆ ಕೈ ಹಿಡಿದು ಕೂತರೆ ಸಾಕು. ದೊಡ್ಡವರಿಗೆ ನಿಮಿಷಕ್ಕೆ 12ರಿಂದ 20 ಸಹಜ. 25 ದಾಟಿದರೆ ಆಸ್ಪತ್ರೆ. 30 ದಾಟಿದರೆ ಆಂಬುಲೆನ್ಸ್. 8–10ಕ್ಕಿಂತ ಕಡಿಮೆಯಾದರೆ ಇನ್ನೂ ಅಪಾಯ.

ಆಂಬುಲೆನ್ಸ್ ಬರುವವರೆಗೆ ಏನು ಮಾಡಲಿ?

ಕೂರಿಸಿ. ಬೆನ್ನಿಗೆ ದಿಂಬು ಕೊಟ್ಟು, ಇಲ್ಲವೇ ಮುಂದಕ್ಕೆ ಬಾಗಿ ಮೇಜಿನ ಮೇಲೆ ಕೈ ಊರಿಕೊಳ್ಳುವ ಹಾಗೆ. ಅವರಿಗೆ ಯಾವ ಭಂಗಿ ಹಾಯೆನಿಸುತ್ತದೋ ಅದೇ ಸರಿ. ಬಿಗಿ ಬಟ್ಟೆ ಸಡಿಲಿಸಿ, ಕಿಟಕಿ ತೆಗೆಯಿರಿ, ಸುತ್ತ ಮುತ್ತಿಕೊಂಡ ಜನರನ್ನು ದೂರ ಕಳಿಸಿ. ಇನ್ಹೇಲರ್ ಇದ್ದರೆ ಕೊಡಿ. ಒಂದು ಹೆಜ್ಜೆಯನ್ನೂ ನಡೆಸಬೇಡಿ. ಮಹಡಿ ಮನೆಯಾದರೆ ಕುರ್ಚಿಯಲ್ಲಿ ಕೂರಿಸಿ ಇಳಿಸಿ. ಮೆಟ್ಟಿಲಿಳಿದು ನಡೆದು ಬಂದು ಗೇಟಿನ ಹತ್ತಿರ ಕುಸಿದವರನ್ನು ನಾವು ನೋಡಿದ್ದೇವೆ.

ಪ್ರಜ್ಞೆ ಇಲ್ಲ, ಉಸಿರೂ ಇಲ್ಲ ಅಥವಾ ಆಗೊಮ್ಮೆ ಈಗೊಮ್ಮೆ ಬಾಯಿ ತೆರೆದು ಎಳೆಯುತ್ತಿದ್ದಾರೆ ಅಂದರೆ ಗಟ್ಟಿ ನೆಲದ ಮೇಲೆ ಮಲಗಿಸಿ ಸಿಪಿಆರ್ ಶುರು ಮಾಡಿ. ಎದೆಯ ನಡುವೆ ನಿಮಿಷಕ್ಕೆ 100ರಿಂದ 120 ಸಲ, 5 ಸೆಂಟಿಮೀಟರಿನಷ್ಟು ಒತ್ತಬೇಕು.

ಏನು ಮಾಡಬಾರದು?

ಮಲಗಿಸಬಾರದು. ನೀರು, ಹಾಲು, ಕಾಫಿ, ಕಷಾಯ ಏನೂ ಕುಡಿಸಬಾರದು. ಏದುಸಿರು ಬಿಡುವವರಿಗೆ ನುಂಗುವುದಕ್ಕೂ ಉಸಿರಾಡುವುದಕ್ಕೂ ತಾಳೆಯಾಗುವುದಿಲ್ಲ, ಕುಡಿದದ್ದು ಶ್ವಾಸನಾಳಕ್ಕೆ ಹೋಗಬಹುದು. ಹಬೆ ಹಿಡಿಸುತ್ತಾ, ಎದೆಗೆ ಎಣ್ಣೆ ತಿಕ್ಕುತ್ತಾ ಗಂಟೆ ಕಳೆಯಬೇಡಿ. ಅದರಿಂದ ಅಲ್ಲಿಗಲ್ಲಿಗೆ ಹಿತ ಅನಿಸಬಹುದು, ಆದರೆ ಶ್ವಾಸನಾಳ ತೆರೆಯುವುದಿಲ್ಲ. ನಿದ್ದೆ ಮಾತ್ರೆ ಖಂಡಿತ ಬೇಡ.

ಪಲ್ಸ್ ಆಕ್ಸಿಮೀಟರ್ 96 ತೋರಿಸುತ್ತಿದೆ. ಹಾಗಾದರೆ ಭಯವಿಲ್ಲ ಅಲ್ವಾ?

ಕೋವಿಡ್ ಆದಮೇಲೆ ಈ ಪುಟ್ಟ ಯಂತ್ರ ಎಷ್ಟೋ ಮನೆಗಳಿಗೆ ಬಂತು. ಒಳ್ಳೆಯದೇ ಆಯಿತು. ಆದರೆ ಅದು ಹೇಳುವುದು ಒಂದೇ ವಿಷಯ: ರಕ್ತದಲ್ಲಿ ಆಕ್ಸಿಜನ್ ಎಷ್ಟಿದೆ ಅನ್ನುವುದು. ಆ ಅಂಕಿ ಉಳಿಸಿಕೊಳ್ಳಲು ದೇಹ ಎಷ್ಟು ಕಷ್ಟಪಡುತ್ತಿದೆ ಅಂತ ಅದು ಹೇಳುವುದಿಲ್ಲ. ನಿಮಿಷಕ್ಕೆ 36 ಸಲ ಉಸಿರಾಡಿ 96 ಇಟ್ಟುಕೊಂಡವರು ಸುಸ್ತಾದ ಕೂಡಲೇ 80ಕ್ಕೆ ಇಳಿಯಬಹುದು. ಹಾಗಾಗಿ ಅಂಕಿಗಿಂತ ಮೊದಲು ಮನುಷ್ಯನನ್ನು ನೋಡಿ.

ಬೆರಳು ತಣ್ಣಗಿದ್ದರೆ, ಕೈ ನಡುಗುತ್ತಿದ್ದರೆ, ಉಗುರಿಗೆ ಗಾಢ ಬಣ್ಣ ಹಚ್ಚಿದ್ದರೆ ಅಂಕಿ ತಪ್ಪಬಹುದು. ಕಪ್ಪು ಮೈಬಣ್ಣದವರಲ್ಲಿ ಇದ್ದದ್ದಕ್ಕಿಂತ ಜಾಸ್ತಿ ತೋರಿಸುವ ಸಂಭವವೂ ಇದೆ. ಇನ್ನೊಂದು ಸಂದರ್ಭ ಬಹಳ ಮೋಸದ್ದು. ಕಿಟಕಿ ಮುಚ್ಚಿದ ಬಚ್ಚಲುಮನೆಯಲ್ಲಿ ಗ್ಯಾಸ್ ಗೀಸರ್, ಚಳಿಗೆ ಕೋಣೆಯೊಳಗೆ ಇಟ್ಟ ಇದ್ದಿಲ ಒಲೆ. ಅವುಗಳಿಂದ ಬರುವ ಕಾರ್ಬನ್ ಮೊನಾಕ್ಸೈಡ್ ರಕ್ತಕ್ಕೆ ಸೇರಿದರೆ ಯಂತ್ರ ಅದನ್ನೂ ಆಕ್ಸಿಜನ್ ಅಂತಲೇ ಲೆಕ್ಕ ಹಾಕುತ್ತದೆ. ಮನುಷ್ಯ ಸಾಯುವ ಸ್ಥಿತಿಯಲ್ಲಿದ್ದರೂ 98 ತೋರಿಸಬಹುದು. ಅಂಥವರನ್ನು ಕೂಡಲೇ ಹೊರಗಿನ ಗಾಳಿಗೆ ತಂದು ಆಸ್ಪತ್ರೆಗೆ ಸಾಗಿಸಿ.

108ಕ್ಕೆ ಏನು ಹೇಳಬೇಕು? ನಮ್ಮ ಕಾರಲ್ಲೇ ಹೋದರೆ ಆಗದಾ?

ಕರ್ನಾಟಕದಲ್ಲಿ ಆರೋಗ್ಯ ಕವಚ 108 ಸೇವೆ 2008ರಿಂದ ಇದೆ. "ಉಸಿರಾಟದ ತೊಂದರೆ, ಮಾತಾಡಲು ಆಗುತ್ತಿಲ್ಲ" ಅಂತ ಮೊದಲ ವಾಕ್ಯದಲ್ಲೇ ಹೇಳಿ. ಆಮೇಲೆ ವಿಳಾಸ, ಹತ್ತಿರದ ಗುರುತು, ವಯಸ್ಸು, ಹಳೆಯ ಕಾಯಿಲೆ. ಆಂಬುಲೆನ್ಸ್ ಮೇಲು, ಯಾಕೆಂದರೆ ಆಕ್ಸಿಜನ್ ಮನೆ ಬಾಗಿಲಿನಿಂದಲೇ ಶುರುವಾಗುತ್ತದೆ. ಬರುವುದು ತಡವಾಗುತ್ತದೆ ಅಂದರೆ ಮಾತ್ರ ಸಿಕ್ಕ ಗಾಡಿಯಲ್ಲಿ ಹೊರಡಿ, ರೋಗಿಯನ್ನು ಕೂರಿಸಿಯೇ ಕರೆದುಕೊಂಡು ಹೋಗಿ. ಮಾತ್ರೆಯ ಪಟ್ಟಿಗಳು, ಇನ್ಹೇಲರ್, ಹಳೆಯ ಇಸಿಜಿ, ಡಿಸ್ಚಾರ್ಜ್ ಚೀಟಿ ಎಲ್ಲ ಒಂದು ಕವರಿಗೆ ಹಾಕಿಕೊಳ್ಳಿ. "ಬಿಳಿ ಮಾತ್ರೆ, ಬೆಳಿಗ್ಗೆ ಒಂದು" ಅಂದರೆ ನಮಗೆ ಏನೂ ತಿಳಿಯುವುದಿಲ್ಲ.

ಎಮರ್ಜೆನ್ಸಿಯಲ್ಲಿ ಮೊದಲ ಹತ್ತು ನಿಮಿಷ ಏನು ನಡೆಯುತ್ತದೆ? ನಮ್ಮನ್ನು ಯಾಕೆ ಹೊರಗೆ ಕಳಿಸುತ್ತಾರೆ?

ಒಳಗೆ ನಾಲ್ಕೈದು ಜನ ಒಟ್ಟಿಗೆ ಕೆಲಸ ಮಾಡುತ್ತಿರುತ್ತಾರೆ, ಜಾಗ ಬೇಕು. ಅದಕ್ಕೇ ಹೊರಗೆ ಕಳಿಸುವುದು. ಒಬ್ಬರು ಹಾಸಿಗೆಯ ತಲೆಭಾಗ ಎತ್ತಿ ಆಕ್ಸಿಜನ್ ಹಾಕುತ್ತಾರೆ. ಇನ್ನೊಬ್ಬರು ಮಾನಿಟರ್ ಅಂಟಿಸುತ್ತಾರೆ. ಮತ್ತೊಬ್ಬರು ಕೈಗೆ ಸೂಜಿ ಹಾಕಿ ರಕ್ತ ತೆಗೆಯುತ್ತಾರೆ. ವೈದ್ಯರು ಒಂದು ಕ್ರಮದಲ್ಲಿ ನೋಡುತ್ತಾ ಹೋಗುತ್ತಾರೆ: ಗಾಳಿ ಹೋಗುವ ದಾರಿ ತೆರೆದಿದೆಯಾ, ಎರಡೂ ಶ್ವಾಸಕೋಶಕ್ಕೆ ಗಾಳಿ ಸಮನಾಗಿ ಹೋಗುತ್ತಿದೆಯಾ, ಬಿಪಿ ಮತ್ತು ನಾಡಿ ಹೇಗಿದೆ, ಎಚ್ಚರ ಎಷ್ಟಿದೆ, ಮೈಮೇಲೆ ಗಂಧೆ, ಊತ, ಕಚ್ಚಿದ ಗುರುತು ಇದೆಯಾ. ಒಂದು ಹಂತದಲ್ಲಿ ತೊಂದರೆ ಕಂಡರೆ ಅಲ್ಲೇ ಸರಿಪಡಿಸಿ ಮುಂದಕ್ಕೆ ಹೋಗುತ್ತಾರೆ.

ಎದೆಗೆ ಸ್ಟೆತಸ್ಕೋಪ್ ಇಟ್ಟಾಗ ಕೇಳುವ ಶಬ್ದವೇ ದಾರಿ ತೋರಿಸುತ್ತದೆ. ಸುಯ್ ಅನ್ನುವ ಸಿಳ್ಳೆ ಶಬ್ದ ಇದ್ದರೆ ನಾಳ ಕಿರಿದಾಗಿದೆ. ಚರಚರ ಅಂದರೆ ನೀರು ಅಥವಾ ನ್ಯುಮೋನಿಯಾ. ಒಂದು ಕಡೆ ಶಬ್ದವೇ ಇಲ್ಲ ಅಂದರೆ ಶ್ವಾಸಕೋಶದ ಸುತ್ತ ಗಾಳಿ ಅಥವಾ ನೀರು ತುಂಬಿರಬಹುದು. ಹಾಗೆ ಸಿಕ್ಕಿಕೊಂಡ ಗಾಳಿ ಒತ್ತಡ ಹೆಚ್ಚಿಸಿ ಬಿಪಿ ಬೀಳಿಸುತ್ತಿದ್ದರೆ ಎಕ್ಸ್‌ರೇಗೂ ಕಾಯುವುದಿಲ್ಲ, ಎದೆಗೆ ಸೂಜಿ ಚುಚ್ಚಿ ಗಾಳಿ ಹೊರಗೆ ಬಿಡುತ್ತಾರೆ. ಇತ್ತೀಚೆಗೆ ಹಾಸಿಗೆಯ ಪಕ್ಕದಲ್ಲೇ ಮಾಡುವ ಅಲ್ಟ್ರಾಸೌಂಡ್ ದೊಡ್ಡ ಸಹಾಯ. ಶ್ವಾಸಕೋಶದಲ್ಲಿ ನೀರಿದೆಯಾ, ಹೃದಯ ಚೆನ್ನಾಗಿ ಹಿಂಡುತ್ತಿದೆಯಾ ಅಂತ ಎರಡು ಮೂರು ನಿಮಿಷದಲ್ಲಿ ಸುಳಿವು ಸಿಗುತ್ತದೆ. ಇಸಿಜಿ, ಎದೆ ಎಕ್ಸ್‌ರೇ, ಮಣಿಕಟ್ಟಿನ ಧಮನಿಯಿಂದ ತೆಗೆಯುವ ರಕ್ತದ ಪರೀಕ್ಷೆ, ಇವೆಲ್ಲ ಚಿಕಿತ್ಸೆಯ ಜೊತೆಜೊತೆಗೇ ನಡೆಯುತ್ತವೆ.

ನಮ್ಮ ತಂದೆಗೆ ಆಕ್ಸಿಜನ್ ಕಡಿಮೆ ಇಟ್ಟಿದ್ದಾರೆ, 90 ಬಂದರೆ ಸಾಕು ಅಂತಾರೆ. ಇದು ನಿರ್ಲಕ್ಷ್ಯ ಅಲ್ವಾ?

ಅಲ್ಲ. ತುಂಬಾ ಜನರಿಗೆ ಗುರಿ 94ರಿಂದ 98. ಆದರೆ ವರ್ಷಗಟ್ಟಲೆ ಬೀಡಿ ಸಿಗರೇಟು ಸೇದಿದವರಿಗೆ, ಸೌದೆ ಒಲೆಯ ಹೊಗೆ ಕುಡಿದ ಹೆಂಗಸರಿಗೆ ಬರುವ ಸಿಒಪಿಡಿ (ಶ್ವಾಸನಾಳ ಕಾಯಂ ಕಿರಿದಾಗುವ) ಕಾಯಿಲೆಯಲ್ಲಿ ಗುರಿ 88ರಿಂದ 92. ಅವರಿಗೆ ಆಕ್ಸಿಜನ್ ಅತಿಯಾದರೆ ಕಾರ್ಬನ್ ಡೈಆಕ್ಸೈಡ್ ಏರಿ ಮಂಪರು ಕವಿಯುತ್ತದೆ. ಆಸ್ಟ್ರೇಲಿಯಾದ ಟಾಸ್ಮೇನಿಯಾದಲ್ಲಿ ಆಂಬುಲೆನ್ಸಿನಲ್ಲಿ ಬಂದ 405 ರೋಗಿಗಳ ಮೇಲೆ ನಡೆದ ಅಧ್ಯಯನ 2010ರಲ್ಲಿ ಪ್ರಕಟವಾಯಿತು. ಜೋರಾಗಿ ಆಕ್ಸಿಜನ್ ಕೊಟ್ಟ ಗುಂಪಿನಲ್ಲಿ 100ಕ್ಕೆ 9 ಜನ ತೀರಿಕೊಂಡರು, ಅಳೆದು ಕೊಟ್ಟ ಗುಂಪಿನಲ್ಲಿ 4. ದಯವಿಟ್ಟು ಸಿಲಿಂಡರಿನ ಗುಂಡಿಯನ್ನು ನೀವೇ ತಿರುಗಿಸಬೇಡಿ. ಹಾಗೆಯೇ, ಈ ಕಾಯಿಲೆ ಇದೆ ಅಂತ ಬಂದ ಕೂಡಲೇ ಹೇಳಿ.

ಆಸ್ತಮಾ ಜೋರಾದಾಗ ಇನ್ಹೇಲರ್ ಎಷ್ಟು ಸಲ ಹೊಡೆಯಬಹುದು?

ಎರಡು ಪಫ್ ತೆಗೆದುಕೊಂಡು ಭಯಪಟ್ಟು ನಿಲ್ಲಿಸುವವರೇ ಜಾಸ್ತಿ. ಸಾಲ್ಬುಟಮಾಲ್ (ಶ್ವಾಸನಾಳವನ್ನು ಬೇಗ ಹಿಗ್ಗಿಸುವ ಔಷಧ) ಇನ್ಹೇಲರ್ ಆದರೆ ತೀವ್ರ ದಾಳಿಯಲ್ಲಿ 4ರಿಂದ 10 ಪಫ್ ತೆಗೆದುಕೊಳ್ಳಬಹುದು. ಮೊದಲ 1 ಗಂಟೆಯಲ್ಲಿ 20 ನಿಮಿಷಕ್ಕೊಮ್ಮೆ ಅದನ್ನೇ ಮತ್ತೆ ಕೊಡಬಹುದು. ಸ್ಪೇಸರ್ (ಇನ್ಹೇಲರಿಗೂ ಬಾಯಿಗೂ ನಡುವೆ ಇಡುವ ಪ್ಲಾಸ್ಟಿಕ್ ಕೊಳವೆ) ಇರಲೇಬೇಕು ಅನ್ನುವುದು ನನ್ನ ಒತ್ತಾಯ. ನೇರವಾಗಿ ಬಾಯಿಗೆ ಹೊಡೆದರೆ ಹೆಚ್ಚಿನ ಔಷಧ ಗಂಟಲಿಗೇ ಅಂಟಿಕೊಳ್ಳುತ್ತದೆ. ಇನ್ಹೇಲರ್ ಅಲುಗಾಡಿಸಿ, ಸ್ಪೇಸರಿಗೆ ಸಿಕ್ಕಿಸಿ, ಒಂದೇ ಒಂದು ಪಫ್ ಒತ್ತಿ, 4ರಿಂದ 6 ಸಹಜ ಉಸಿರು ಎಳೆದುಕೊಳ್ಳಲು ಹೇಳಿ. ಆಮೇಲೆ ಮುಂದಿನ ಪಫ್. ಕೈ ನಡುಗುತ್ತದೆ, ಎದೆ ಡವಡವ ಅನ್ನುತ್ತದೆ. ಅದು ಔಷಧದ ಗುಣ, ಹೆದರಬೇಡಿ. ಇದೆಲ್ಲ ಗಾಡಿ ಬರುವವರೆಗೆ, ದಾರಿಯುದ್ದಕ್ಕೂ ಮಾಡುವ ಕೆಲಸ. ಹತ್ತು ಪಫ್ ಆದರೂ ಇಳಿಯಲಿಲ್ಲ ಅಂದಮೇಲೆ ಮನೆಯಲ್ಲಿ ಉಳಿಯಬೇಡಿ.

ಆಸ್ಪತ್ರೆಯಲ್ಲಿ ಸಾಲ್ಬುಟಮಾಲ್, ಇಪ್ರಾಟ್ರೋಪಿಯಂ ಸೇರಿಸಿ ನೆಬ್ಯುಲೈಸರ್ ಕೊಡುತ್ತೇವೆ. ಮೊದಲ ಗಂಟೆಯೊಳಗೇ ಸ್ಟೀರಾಯ್ಡ್ ಕೊಡಬೇಕು, ಯಾಕೆಂದರೆ ಅದು ಕೆಲಸ ಶುರು ಮಾಡಲು ಕೆಲವು ಗಂಟೆ ಹಿಡಿಯುತ್ತದೆ. ಇಷ್ಟಕ್ಕೂ ಬಗ್ಗದಿದ್ದರೆ 2 ಗ್ರಾಂ ಮೆಗ್ನೀಷಿಯಂ ಸಲ್ಫೇಟ್ ಅನ್ನು 20 ನಿಮಿಷದಲ್ಲಿ ನರದ ಮೂಲಕ ಹರಿಸುತ್ತೇವೆ. ಸಿಳ್ಳೆ ಶಬ್ದ ನಿಂತ ಮಾತ್ರಕ್ಕೆ ವಾಸಿಯಾಯಿತು ಅಂತಲ್ಲ. ಗಾಳಿಯೇ ಒಳಗೆ ಹೋಗದಷ್ಟು ನಾಳ ಮುಚ್ಚಿಕೊಂಡಾಗಲೂ ಎದೆ ನಿಶ್ಶಬ್ದವಾಗುತ್ತದೆ. ನಮಗೆ ಅತಿ ಹೆಚ್ಚು ಭಯ ಹುಟ್ಟಿಸುವ ಸ್ಥಿತಿ ಅದು.

ರಾತ್ರಿ ಎದ್ದು ಕೂತು ಏದುಸಿರು ಬಿಡುತ್ತಾರೆ. ಗ್ಯಾಸ್ಟ್ರಿಕ್ ಇರಬಹುದಾ?

ಈ "ಗ್ಯಾಸ್ಟ್ರಿಕ್" ಅನ್ನುವ ಮಾತಿನಿಂದ ಕಳೆದುಹೋದ ಗಂಟೆಗಳು ನೆನೆದರೆ ಸಂಕಟವಾಗುತ್ತದೆ. ನಾವು ಮತ್ತೆ ಮತ್ತೆ ನೋಡುವ ಒಂದು ದೃಶ್ಯ ಹೇಳುತ್ತೇನೆ. ಅರವತ್ತು ದಾಟಿದವರು, ಬಿಪಿ, ಶುಗರ್ ಎರಡೂ ಇದೆ. ಮದುವೆ ಓಡಾಟದಲ್ಲಿ ನಾಲ್ಕು ದಿನ ಮಾತ್ರೆ ತಪ್ಪಿದೆ, ಉಪ್ಪಿನಕಾಯಿ ಹಪ್ಪಳ ಜೋರಾಗಿ ನಡೆದಿದೆ. ರಾತ್ರಿ ಎರಡು ಗಂಟೆಗೆ ಉಸಿರು ಕಟ್ಟಿ ಎದ್ದು ಕೂರುತ್ತಾರೆ. ಮನೆಯವರು ಸೋಡಾ ಕುಡಿಸುತ್ತಾರೆ, ಬೆನ್ನು ನೀವುತ್ತಾರೆ. ನಾಲ್ಕು ಗಂಟೆಗೆ ನಮ್ಮ ಹತ್ತಿರ ಬರುವಾಗ ಬಿಪಿ 220/120, ಅಂಗಿ ಬೆವರಿನಲ್ಲಿ ಒದ್ದೆ, ಬಾಯಲ್ಲಿ ತಿಳಿಗೆಂಪು ನೊರೆ. ಹೃದಯ ತಳ್ಳಲಾರದ ರಕ್ತ ಹಿಂದಕ್ಕೆ ಒತ್ತಿ ಶ್ವಾಸಕೋಶದಲ್ಲಿ ನೀರು ತುಂಬಿದೆ.

ಕಾಲು ಇಳಿಬಿಟ್ಟು ಕೂರಿಸುತ್ತೇವೆ. ಮುಖಕ್ಕೆ ಬಿಗಿಯಾದ ಮಾಸ್ಕ್ ಹಾಕಿ ಬೈಪ್ಯಾಪ್ ಯಂತ್ರದಿಂದ ಒತ್ತಡದ ಗಾಳಿ ಕೊಡುತ್ತೇವೆ. ಬಿಪಿ ಇಳಿಸಿ ಹೃದಯದ ಹೊರೆ ತಗ್ಗಿಸಲು ನೈಟ್ರೋಗ್ಲಿಸರಿನ್, ನೀರು ಹೊರಹಾಕಲು ಫ್ಯುರೋಸೆಮೈಡ್. ಬೇಗ ಬಂದವರಲ್ಲಿ ಎಷ್ಟೋ ಜನ ಒಂದು ಗಂಟೆಯೊಳಗೆ ಪೂರ್ತಿ ವಾಕ್ಯ ಮಾತಾಡುತ್ತಾರೆ. ಆ ಎರಡು ಗಂಟೆ ಮನೆಯಲ್ಲೇ ಕಳೆದುಹೋಗದಿದ್ದರೆ ಅವರು ಅಷ್ಟು ಹೊತ್ತು ನರಳಬೇಕಿರಲಿಲ್ಲ.

ಸಕ್ಕರೆ ಕಾಯಿಲೆಯವರು, ವಯಸ್ಸಾದವರು ಮತ್ತು ಹೆಂಗಸರಲ್ಲಿ ಹೃದಯಾಘಾತ ಎದೆನೋವೇ ಇಲ್ಲದೆ ಬರೀ ಏದುಸಿರಾಗಿ ಬರಬಹುದು. ಅದಕ್ಕೇ ಏದುಸಿರು ಅಂತ ಬಂದ ದೊಡ್ಡವರಿಗೆಲ್ಲ ಇಸಿಜಿ ಮಾಡುವುದು. "ಉಸಿರಿಗೆ ಬಂದ್ರೆ ಹೃದಯ ಯಾಕೆ ನೋಡ್ತಾರೆ" ಅಂತ ಜಗಳಕ್ಕೆ ಬರಬೇಡಿ.

ಜೇನುಹುಳ ಕಚ್ಚಿದ ಮೇಲೆ, ಇಂಜೆಕ್ಷನ್ ಆದ ಮೇಲೆ ಉಸಿರು ಕಟ್ಟಿದರೆ?

ಇದು ತೀವ್ರ ಅಲರ್ಜಿ, ಅನಫಿಲ್ಯಾಕ್ಸಿಸ್. ಗಂಧೆ, ತುಟಿ ನಾಲಿಗೆ ಊತ, ದನಿ ಒಡೆಯುವುದು, ವಾಂತಿ, ಬಿಪಿ ಬೀಳುವುದು ನಿಮಿಷಗಳಲ್ಲಿ ಆಗಬಹುದು. ಗಂಧೆ ಇಲ್ಲದೆಯೂ ಆಗಬಹುದು. ಕಾಫಿ ತೋಟದಲ್ಲಿ ಕಣಜ ಮುತ್ತಿದಾಗ, ಸೀಗಡಿ ತಿಂದಾಗ, ನೋವಿನ ಮಾತ್ರೆ ನುಂಗಿದಾಗ, ಹೀಗೆ ಕಾರಣಗಳು ಬೇರೆಬೇರೆ. ಔಷಧ ಮಾತ್ರ ಒಂದೇ, ಅಡ್ರಿನಲಿನ್. ದೊಡ್ಡವರಿಗೆ 0.5 ಮಿಲಿಗ್ರಾಂ, ತೊಡೆಯ ಹೊರಭಾಗದ ಸ್ನಾಯುವಿಗೆ. 5 ನಿಮಿಷದಲ್ಲಿ ಸುಧಾರಿಸದಿದ್ದರೆ ಇನ್ನೊಮ್ಮೆ. ಅವಿಲ್, ಸೆಟ್ರಿಜಿನ್ ತುರಿಕೆ ಕಡಿಮೆ ಮಾಡುತ್ತವೆ, ಪ್ರಾಣ ಉಳಿಸುವುದಿಲ್ಲ. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೇ ಮೊದಲು ಹೋಗಿ. ರೋಗಿಯನ್ನು ಗಡಬಡಿಸಿ ಎದ್ದು ನಿಲ್ಲಿಸಬೇಡಿ, ಬಿಪಿ ಕುಸಿದು ಹೃದಯ ನಿಲ್ಲಬಹುದು. ಸರಿಹೋದ ಮೇಲೂ ಕೆಲವು ಗಂಟೆ ಆಸ್ಪತ್ರೆಯಲ್ಲೇ ಇರಬೇಕು, ಮತ್ತೆ ಮರುಕಳಿಸುವುದುಂಟು.

ಮಗುವಿನ ಗಂಟಲಲ್ಲಿ ಕಡಲೆಬೀಜ ಸಿಕ್ಕಿಕೊಂಡಿದೆ. ಬೆರಳು ಹಾಕಿ ತೆಗೆಯಲಾ?

ಕಣ್ಣಿಗೆ ಕಾಣದಿದ್ದರೆ ಬೆರಳು ಹಾಕಬೇಡಿ, ಇನ್ನೂ ಒಳಕ್ಕೆ ಹೋಗುತ್ತದೆ. ಜೋರಾಗಿ ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಿ. ಕೆಮ್ಮು, ಅಳು, ಮಾತು ಯಾವುದೂ ಬರುತ್ತಿಲ್ಲ ಅಂದರೆ ಮುಂದಕ್ಕೆ ಬಾಗಿಸಿ ಎರಡು ಭುಜದ ಮೂಳೆಗಳ ನಡುವೆ ಅಂಗೈಯಿಂದ 5 ಬಲವಾದ ಏಟು. ಹೊರಬರಲಿಲ್ಲವಾ? ಹಿಂದೆ ನಿಂತು, ಹೊಕ್ಕುಳಿಗಿಂತ ಸ್ವಲ್ಪ ಮೇಲೆ ಮುಷ್ಟಿ ಇಟ್ಟು, ಒಳಕ್ಕೆ ಮತ್ತು ಮೇಲಕ್ಕೆ 5 ಸಲ ಎಳೆಯಿರಿ. ಎರಡನ್ನೂ ಬದಲಿಸುತ್ತಾ ಹೋಗಿ. ದೊಡ್ಡವರಿಗೂ ಹೀಗೇ. ಒಂದು ವರ್ಷದೊಳಗಿನ ಕೂಸಿಗೆ ಹೊಟ್ಟೆ ಒತ್ತಬಾರದು. ತಲೆ ಕೆಳಗಾಗಿ ಮುಂಗೈ ಮೇಲೆ ಬೋರಲು ಮಲಗಿಸಿ ಬೆನ್ನಿಗೆ 5 ಏಟು, ತಿರುಗಿಸಿ ಎದೆಯ ನಡುವೆ 5 ಸಲ ಒತ್ತು. ಪ್ರಜ್ಞೆ ತಪ್ಪಿದರೆ ಸಿಪಿಆರ್.

ತಿನ್ನುತ್ತಾ ಆಡುತ್ತಿದ್ದ ಮಗು ಇದ್ದಕ್ಕಿದ್ದಂತೆ ಕೆಮ್ಮಿ, ಆಮೇಲೆ ಏನೂ ಆಗದ ಹಾಗೆ ಆಟಕ್ಕೆ ಹೋದರೂ ವೈದ್ಯರಿಗೆ ತೋರಿಸಿ. ಬೀಜ ಶ್ವಾಸನಾಳದ ಕವಲಿನಲ್ಲಿ ಕೂತಿರಬಹುದು. ಕಡಲೆಬೀಜ ಎಕ್ಸ್‌ರೇಯಲ್ಲಿ ಕಾಣುವುದಿಲ್ಲ, ಅನುಮಾನವಿದ್ದರೆ ಬ್ರಾಂಕೋಸ್ಕೋಪಿ (ಶ್ವಾಸನಾಳದೊಳಗೆ ಕ್ಯಾಮೆರಾ ಕೊಳವೆ ಇಳಿಸುವ ಪರೀಕ್ಷೆ) ಮಾಡಿ ನೋಡಬೇಕು. ಚಿಕ್ಕ ಮಕ್ಕಳಿಗೆ ಇಡೀ ಕಡಲೆಬೀಜ, ಅಡಿಕೆ ಚೂರು, ಹುಣಸೆಬೀಜ ಕೈಗೆ ಸಿಗದ ಹಾಗೆ ಇಡಿ.

ಮಗುವಿಗೆ ಶೀತ ಕೆಮ್ಮು ಇದೆ. ಉಸಿರು ವೇಗವಾಗಿದೆ ಅಂತ ಹೇಗೆ ಗೊತ್ತಾಗುತ್ತದೆ?

ಅಂಗಿ ಬಿಚ್ಚಿ, ಮಗು ಅಳದೆ ಸುಮ್ಮನಿದ್ದಾಗ 1 ನಿಮಿಷ ಎಣಿಸಿ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ ಹೀಗಿದೆ: 2 ತಿಂಗಳೊಳಗೆ 60 ಅಥವಾ ಹೆಚ್ಚು, 2ರಿಂದ 11 ತಿಂಗಳಿಗೆ 50 ಅಥವಾ ಹೆಚ್ಚು, 1ರಿಂದ 5 ವರ್ಷಕ್ಕೆ 40 ಅಥವಾ ಹೆಚ್ಚು ಇದ್ದರೆ ಅದು ವೇಗದ ಉಸಿರು. ಪಕ್ಕೆ ಸೆಳೆತ, ಹಾಲು ಕುಡಿಯದಿರುವುದು, ಜೋಲು ಬೀಳುವುದು, ನರಳಿಕೆಯ ಶಬ್ದ ಇದ್ದರೆ ಬೆಳಗಾಗಲಿ ಅಂತ ಕಾಯಬೇಡಿ.

ಎಕ್ಸ್‌ರೇ ಚೆನ್ನಾಗಿದೆ ಅಂದರು. ಆದರೂ ಏದುಸಿರು ಯಾಕೆ?

ಶ್ವಾಸಕೋಶ ಸರಿಯಿದ್ದೂ ಏದುಸಿರು ಬರುವ ಕಾಯಿಲೆಗಳು ಎಷ್ಟೋ ಇವೆ. ಮೂಳೆ ಮುರಿದು ಮಂಚ ಹಿಡಿದವರು, ಈಚೆಗೆ ಆಪರೇಷನ್ ಆದವರು, ಬಾಣಂತಿಯರು ಇದ್ದಕ್ಕಿದ್ದಂತೆ ಏದುಸಿರು ಬಿಟ್ಟು, ಒಂದು ಕಾಲು ಊದಿದ್ದರೆ ಶ್ವಾಸಕೋಶದ ರಕ್ತನಾಳಕ್ಕೆ ಹೆಪ್ಪು ಸಿಕ್ಕಿರಬಹುದು. ಅದಕ್ಕೆ ಸಿಟಿ ಆಂಜಿಯೋಗ್ರಾಂ (ರಕ್ತನಾಳ ತೋರಿಸುವ ಸ್ಕ್ಯಾನ್), ಹೆಪ್ಪು ಬೆಳೆಯದಂತೆ ತಡೆಯುವ ಹೆಪಾರಿನ್ ಬೇಕು. ಬಿಪಿ ಬಿದ್ದಿದ್ದರೆ ಹೆಪ್ಪು ಕರಗಿಸುವ ಔಷಧವೂ ಬೇಕಾಗುತ್ತದೆ. ಸಕ್ಕರೆ ವಿಪರೀತ ಏರಿ ರಕ್ತ ಆಮ್ಲೀಯವಾದಾಗ ಉಸಿರು ಆಳವಾಗಿ, ಜೋರಾಗಿ ಓಡುತ್ತದೆ. ಕಿಡ್ನಿ ಸೋತಾಗಲೂ ಹೀಗೇ.

ಹಳ್ಳಿಗಳಲ್ಲಿ ಇನ್ನೆರಡು ಕಾರಣ ಮರೆಯಬಾರದು. ಒಂದು ಕೀಟನಾಶಕ. ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗಿ, ಜೊಲ್ಲು, ಬೆವರು ಸುರಿದು, ಎದೆಯಲ್ಲಿ ಗೊರಗೊರ ಶಬ್ದ ಬರುತ್ತದೆ. ವಾಂತಿ ಮಾಡಿಸಬೇಡಿ. ಬಟ್ಟೆ ತೆಗೆದು ಮೈ ತೊಳೆಯಿರಿ, ಡಬ್ಬಿ ಜೊತೆಗೆ ತನ್ನಿ. ಎದೆ ಒಣಗುವವರೆಗೆ ಅಟ್ರೋಪಿನ್ ಕೊಡುತ್ತಲೇ ಇರಬೇಕಾಗುತ್ತದೆ. ಇನ್ನೊಂದು ಕಟ್ಟುಹಾವು. ರಾತ್ರಿ ನೆಲದ ಮೇಲೆ ಮಲಗಿದವರಿಗೆ ಕಚ್ಚುತ್ತದೆ, ಗಾಯ ಕಾಣುವುದೇ ಕಷ್ಟ. ಬೆಳಗಿನ ಜಾವ ಹೊಟ್ಟೆನೋವು, ಆಮೇಲೆ ರೆಪ್ಪೆ ಜೋತು ಬೀಳುತ್ತದೆ, ನುಂಗಲು ಆಗುವುದಿಲ್ಲ, ಕೊನೆಗೆ ಉಸಿರು ನಿಲ್ಲುತ್ತದೆ. ಇಲ್ಲಿ ಆಕ್ಸಿಜನ್ ಮಾತ್ರ ಸಾಲದು, ಉಸಿರಾಟವನ್ನೇ ನಡೆಸಿಕೊಡಬೇಕು, ಜೊತೆಗೆ ವಿಷನಿರೋಧಕ ಔಷಧ. ಕರ್ನಾಟಕ ಸರ್ಕಾರ 2024ರಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣ ಅಂತ ಘೋಷಿಸಿದೆ.

ಬರೀ ಟೆನ್ಶನ್ನಿಂದ ಹೀಗಾಗುತ್ತದಾ?

ಆಗುತ್ತದೆ. ಕೈ ಬಾಯಿ ಜುಮ್ಮೆನ್ನುವುದು, ಬೆರಳು ಸೆಟೆದುಕೊಳ್ಳುವುದು, ಈಗಲೇ ಸಾಯುತ್ತೇನೆ ಅನ್ನುವ ಭಯ. ಆ ನರಳಾಟ ನಿಜವೇ, ನಾಟಕ ಅಲ್ಲ. ಆದರೆ ಬೇರೆ ಕಾರಣಗಳಿಲ್ಲ ಅಂತ ಖಾತ್ರಿಯಾದ ಮೇಲಷ್ಟೇ ಈ ಮಾತು ಹೇಳಬೇಕು. ಮೂಗು ಬಾಯಿಗೆ ಕಾಗದದ ಚೀಲ ಹಿಡಿಯುವ ಹಳೆಯ ಉಪಾಯ ಬೇಡ. ಒಳಗೆ ಹೃದಯದ ತೊಂದರೆ ಇದ್ದರೆ ಅದರಿಂದ ಪ್ರಾಣಕ್ಕೇ ಕುತ್ತು.

ವೆಂಟಿಲೇಟರ್ ಅಂದರೆ ಕೊನೆ ಅಂತಲಾ?

ಅಲ್ಲವೇ ಅಲ್ಲ. ಅದು ಕಾಯಿಲೆ ಇಳಿಯುವವರೆಗೆ ಉಸಿರಾಟದ ಕೆಲಸವನ್ನು ತಾನು ಮಾಡುವ ಯಂತ್ರ. ಸಿಒಪಿಡಿ, ಶ್ವಾಸಕೋಶದಲ್ಲಿ ನೀರು ತುಂಬಿದ ಸ್ಥಿತಿಗಳಲ್ಲಿ ಮೊದಲು ಬೈಪ್ಯಾಪ್ ಮಾಸ್ಕ್ ಪ್ರಯತ್ನಿಸುತ್ತೇವೆ, ಎಷ್ಟೋ ಜನರಿಗೆ ಅಷ್ಟರಲ್ಲೇ ಗುಣವಾಗುತ್ತದೆ. ಎಚ್ಚರ ತಪ್ಪುತ್ತಿದ್ದರೆ, ಸುಸ್ತಾಗಿ ಉಸಿರು ನಿಲ್ಲುವಂತಿದ್ದರೆ ಗಂಟಲಿಗೆ ಕೊಳವೆ ಹಾಕಬೇಕಾಗುತ್ತದೆ. ಆಗ ಒಪ್ಪಿಗೆ ಕೇಳಿದರೆ ಊರಿನ ಅಣ್ಣನಿಗೆ ಫೋನ್ ಹಚ್ಚಿ ಅರ್ಧ ಗಂಟೆ ಚರ್ಚೆ ಮಾಡುವಷ್ಟು ಸಮಯ ಇರುವುದಿಲ್ಲ. ಹಾವು ಕಚ್ಚಿ ಕೆಲವು ದಿನ ವೆಂಟಿಲೇಟರಿನಲ್ಲಿದ್ದವರು ನಡೆದು ಮನೆಗೆ ಹೋಗುತ್ತಾರೆ.

ದುಡ್ಡು ಕಟ್ಟದಿದ್ದರೆ ಚಿಕಿತ್ಸೆ ಶುರು ಮಾಡುವುದಿಲ್ಲ ಅಂದರೆ?

ಜೀವ ಉಳಿಸುವ ಮೊದಲ ಚಿಕಿತ್ಸೆ ಕೊಡುವುದು ಸರ್ಕಾರಿ, ಖಾಸಗಿ ಎರಡೂ ಕಡೆಯ ವೈದ್ಯರ ಕರ್ತವ್ಯ ಅಂತ ಸುಪ್ರೀಂ ಕೋರ್ಟ್ 1989ರಲ್ಲೇ ಪರಮಾನಂದ ಕಟಾರ ಪ್ರಕರಣದಲ್ಲಿ ಹೇಳಿದೆ. ಧೈರ್ಯವಾಗಿ ಕೇಳಿ. ಬೇರೆ ಆಸ್ಪತ್ರೆಗೆ ಕಳಿಸುವುದಾದರೂ ಸ್ಥಿತಿ ಸ್ವಲ್ಪ ಹಿಡಿತಕ್ಕೆ ಬಂದ ಮೇಲೆ, ಆಕ್ಸಿಜನ್ ಇರುವ ಆಂಬುಲೆನ್ಸಿನಲ್ಲಿ, ಏನೇನು ಕೊಟ್ಟಿದ್ದಾರೆ ಅನ್ನುವ ಚೀಟಿಯ ಜೊತೆ ಕಳಿಸಲು ಹೇಳಿ.

ಡಿಸ್ಚಾರ್ಜ್ ಆಗುವಾಗ ಏನು ಕೇಳಿಕೊಳ್ಳಬೇಕು?

ಆಸ್ತಮಾ ಆಗಿದ್ದರೆ ಇನ್ಹೇಲರ್ ಬಳಸುವುದನ್ನು ನರ್ಸ್ ಎದುರು ನೀವೇ ಮಾಡಿ ತೋರಿಸಿ, ತಪ್ಪಿದ್ದರೆ ತಿದ್ದುತ್ತಾರೆ. ದೊಡ್ಡವರು, ಹದಿಹರೆಯದವರು ಬರೀ ಸಾಲ್ಬುಟಮಾಲ್ ನೆಚ್ಚಿಕೊಂಡಿರುವುದು ಬೇಡ ಅಂತ 2019ರಿಂದ ಅಂತರರಾಷ್ಟ್ರೀಯ ಆಸ್ತಮಾ ಮಾರ್ಗಸೂಚಿ ಹೇಳುತ್ತಿದೆ. ಉರಿಯೂತ ಇಳಿಸುವ ಸ್ಟೀರಾಯ್ಡ್ ಇನ್ಹೇಲರ್ ಬರೆದಿದ್ದಾರಾ ಅಂತ ನೋಡಿ, ಬರೆದಿಲ್ಲದಿದ್ದರೆ ಕೇಳಿ. ಸ್ಟೀರಾಯ್ಡ್ ಮಾತ್ರೆಯನ್ನು ಉಸಿರು ಸರಿಹೋಯಿತು ಅಂತ ಎರಡನೇ ದಿನಕ್ಕೇ ನಿಲ್ಲಿಸಬೇಡಿ, ಬರೆದಷ್ಟು ದಿನ ಮುಗಿಸಿ. ಹೃದಯದ ತೊಂದರೆಯಾದರೆ ಉಪ್ಪು, ನೀರು ಎಷ್ಟು ಅಂತ ಬರೆಸಿಕೊಳ್ಳಿ. ದಿನಾ ಬೆಳಿಗ್ಗೆ ತೂಕ ನೋಡಿ, ಎರಡು ಮೂರು ದಿನದಲ್ಲಿ 2 ಕಿಲೋ ಏರಿದರೆ ಕಾಲು ಊದುವವರೆಗೆ ಕಾಯದೆ ವೈದ್ಯರಿಗೆ ಫೋನ್ ಮಾಡಿ. ಮರುಪರೀಕ್ಷೆಯ ತಾರೀಕು ತೆಗೆದುಕೊಂಡೇ ಗೇಟು ದಾಟಿ.